ಲೆಕ್ಕದಲ್ಲಿ ಲಾಭವಿದೆ, ಸಂಬಳದ ದಿನ ಕೈಯಲ್ಲಿ ಹಣವಿಲ್ಲ: ದೊಡ್ಡ ಆರ್ಡರ್ ಒಪ್ಪಿಕೊಳ್ಳಬೇಕೇ?

ರಟ್ಟುಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ನಾನು ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಕೆಲಸಕ್ಕೆ ಕೊರತೆಯಿಲ್ಲ. ಯಂತ್ರಗಳು ಬಿಡುವಿಲ್ಲದೆ ಓಡುತ್ತಿವೆ, ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರು ಕೊಡುವ ಪಟ್ಟಿಯಲ್ಲಿ ಲಾಭವೂ ಕಾಣುತ್ತದೆ. ಆದರೆ ತಿಂಗಳ ಕೊನೆ ಹತ್ತಿರವಾಗುತ್ತಿದ್ದಂತೆ ಸಂಬಳಕ್ಕೆ ಹಣ ಹೊಂದಿಸುವುದೇ ಒಂದು ದೊಡ್ಡ ಹೋರಾಟವಾಗುತ್ತದೆ. ಕಾಗದ ಪೂರೈಸುವವರಿಗೆ ಒಂದು ವಾರ ತಾಳಿ ಎಂದು ಹೇಳಿ, ಆ ಹಣದಿಂದ ಸಂಬಳ ಕೊಟ್ಟು, ಅಷ್ಟರಲ್ಲಿ ಬಾಕಿ ಬಂದರೆ ಕಾಗದದವರಿಗೆ ಕೊಡುವುದು. ಹೀಗೆ ಒಬ್ಬರ ಹಣದಲ್ಲಿ ಇನ್ನೊಬ್ಬರನ್ನು ಸಮಾಧಾನಪಡಿಸುತ್ತಾ ದಿನ ತಳ್ಳುತ್ತಿದ್ದೇನೆ.

ಈಗ ನಮ್ಮ ಅತಿ ದೊಡ್ಡ ಗ್ರಾಹಕರು ಆರ್ಡರನ್ನು ಎರಡು ಪಟ್ಟು ಮಾಡುವುದಾಗಿ ಹೇಳಿದ್ದಾರೆ. ಮನೆಯವರು, ಸ್ನೇಹಿತರು, ಕೆಲಸದವರು ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಇದನ್ನು ಒಪ್ಪಿದರೆ ಮುಳುಗುತ್ತೇನೋ, ಬಿಟ್ಟರೆ ಮುಳುಗುತ್ತೇನೋ ಎಂಬುದು ತಿಳಿಯುತ್ತಿಲ್ಲ. ಇಂಥ ಸ್ಥಿತಿಯನ್ನು ದಾಟಿದವರು ದಯವಿಟ್ಟು ತಿಳಿಸಿ.

ಲೇತ್‌ಮಿತ್ರ
ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಒಪ್ಪಿಕೊಳ್ಳಿ. ನೀವು ಬೇಡವೆಂದರೆ ನಾಳೆ ಇನ್ನೊಬ್ಬರು ಅದೇ ಬಾಗಿಲಲ್ಲಿ ನಿಂತಿರುತ್ತಾರೆ, ಒಮ್ಮೆ ಒಳಗೆ ಬಂದವರು ನಿಮ್ಮ ಹಳೆಯ ಆರ್ಡರನ್ನೂ ಕಿತ್ತುಕೊಳ್ಳುತ್ತಾರೆ. ಹಣದ ಕೊರತೆಗೆ ಬ್ಯಾಂಕ್ ಇದೆ.

ಲೆಕ್ಕಿಗ
ನಾನು ಸಣ್ಣ ಉದ್ಯಮಗಳ ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದೇನೆ. ಲೇತ್‌ಮಿತ್ರ ಅವರ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ನೋಡದೆ ಒಪ್ಪಿಕೊಳ್ಳಿ ಎನ್ನುವುದು ಅಪಾಯದ ಸಲಹೆ.

ಬಿಲ್ ಬರೆದ ದಿನವೇ ಮಾರಾಟವು ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ, ಅದರೊಂದಿಗೆ ಲಾಭವೂ ಸೇರುತ್ತದೆ. ಹಣ ಬರುವುದು ಮಾತ್ರ ಗ್ರಾಹಕರು ಕೊಟ್ಟಾಗ. ಈ ನಡುವಿನ ಅವಧಿಯಲ್ಲಿ ಕಾಗದ, ಕೂಲಿ, ವಿದ್ಯುತ್, ಬಾಡಿಗೆ ಎಲ್ಲವನ್ನೂ ನೀವೇ ಭರಿಸಿರುತ್ತೀರಿ. ಆದ್ದರಿಂದ ಲಾಭದಲ್ಲಿರುವ ಉದ್ಯಮವೂ ಹಣವಿಲ್ಲದೆ ನಿಂತುಹೋಗಬಹುದು. ಅದರಲ್ಲೂ ವೇಗವಾಗಿ ಬೆಳೆಯುತ್ತಿರುವ ಉದ್ಯಮಕ್ಕೆ ಈ ಅಪಾಯ ಹೆಚ್ಚು.

ನಾಲ್ಕು ವಿಷಯಗಳನ್ನು ತಿಳಿಸಿದರೆ ನಿಖರವಾಗಿ ಹೇಳಬಹುದು. ನೂರು ಭಾಗದ ಮಾರಾಟದಲ್ಲಿ ಕಾಗದಕ್ಕೆ ಎಷ್ಟು, ಕೂಲಿ ಮತ್ತಿತರ ಖರ್ಚಿಗೆ ಎಷ್ಟು? ಕಾಗದದವರು ಎಷ್ಟು ದಿನ ಉದ್ರಿ ಕೊಡುತ್ತಾರೆ? ದಾಸ್ತಾನು ಎಷ್ಟು ದಿನದ್ದು? ಈ ಗ್ರಾಹಕರು ಹಣ ಕೊಡುವುದು ಎಷ್ಟನೆಯ ದಿನ? ಕರಾರಿನಲ್ಲಿ ಬರೆದಿರುವ ದಿನ ಬೇಡ, ನಿಜವಾಗಿ ಕೊಡುವ ದಿನ ಹೇಳಿ.

ಮುಂಗಡವಿಲ್ಲದೆಇಲ್ಲ
ಮುಂಗಡ ಕೇಳಿ. ಕೊಡದಿದ್ದರೆ ಬೇಡ.

ರಟ್ಟುಪೆಟ್ಟಿಗೆ
ಲೆಕ್ಕಿಗ ಅವರಿಗೆ ಧನ್ಯವಾದ. ನೂರು ಭಾಗದಲ್ಲಿ ಸುಮಾರು 60 ಕಾಗದಕ್ಕೆ, 30 ಕೂಲಿ ಮತ್ತು ಉಳಿದ ಖರ್ಚುಗಳಿಗೆ, 10 ಉಳಿಯುತ್ತದೆ. ಕಾಗದದವರು 30 ದಿನ ಉದ್ರಿ ಕೊಡುತ್ತಾರೆ. ದಾಸ್ತಾನು ಸುಮಾರು 20 ದಿನದ್ದಿರುತ್ತದೆ. ಈ ಗ್ರಾಹಕರ ಕರಾರಿನಲ್ಲಿರುವುದು 45 ದಿನ, ಆದರೆ ಹಣ ಕೈಗೆ ಬರುವುದು 90 ದಿನಕ್ಕೆ. ನಮ್ಮ ಒಟ್ಟು ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. ಮುಂಗಡ ಕೊಡುವ ಪದ್ಧತಿ ಅವರಲ್ಲಿ ಇಲ್ಲ.

ಲೆಕ್ಕಿಗ
ಹಾಗಾದರೆ ನೋಡಿ. ಈ ಗ್ರಾಹಕರಿಗೆ ತಿಂಗಳಿಗೆ 100ರ ಮಾರಾಟವಿದೆ ಎಂದುಕೊಳ್ಳೋಣ. ಮೂರು ತಿಂಗಳು ಹಣ ಬರುವುದಿಲ್ಲವಾದ್ದರಿಂದ ಯಾವ ದಿನ ನೋಡಿದರೂ 300 ಬಾಕಿಯಿರುತ್ತದೆ. ಅದರಲ್ಲಿ ನಿಮ್ಮ ಲಾಭವನ್ನು ಕಳೆದರೆ, ನೀವು ನಿಜವಾಗಿ ಖರ್ಚು ಮಾಡಿರುವುದು 270. ಇಪ್ಪತ್ತು ದಿನದ ಕಾಗದದ ದಾಸ್ತಾನಿಗೆ 40. ಒಟ್ಟು 310. ಇದರಲ್ಲಿ ಕಾಗದದವರು ಒಂದು ತಿಂಗಳ ಉದ್ರಿ ಕೊಟ್ಟಿರುವುದರಿಂದ 60 ಕಡಿಮೆಯಾಗುತ್ತದೆ. ಉಳಿದ 250 ನಿಮ್ಮ ಜೇಬಿನಿಂದ ಹೋಗಿ ಅಲ್ಲಿ ಸಿಕ್ಕಿಕೊಂಡಿದೆ.

ಆರ್ಡರ್ ಎರಡು ಪಟ್ಟಾದರೆ ಇನ್ನೂ 250 ಬೇಕು. ಹೆಚ್ಚುವರಿ ಆರ್ಡರಿನಿಂದ ತಿಂಗಳಿಗೆ ಬರುವ ಲಾಭ 10. ಅಂದರೆ ಆ ಹೆಚ್ಚುವರಿ ಲಾಭವನ್ನು ಒಂದು ಕಾಸೂ ಮುಟ್ಟದೆ 25 ತಿಂಗಳು ಕೂಡಿಟ್ಟರೆ ಮಾತ್ರ, ಆ ಆರ್ಡರಿಗೆ ಹಾಕಿದ ಹಣ ಆರ್ಡರಿನಿಂದಲೇ ಹುಟ್ಟುತ್ತದೆ. ಅಲ್ಲಿಯವರೆಗೆ ಅದು ಬೇರೆಲ್ಲಿಂದಲಾದರೂ ಬರಬೇಕು. ಬ್ಯಾಂಕಿನಿಂದ ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ ತಂದರೆ ತಿಂಗಳಿಗೆ 2.5 ಬಡ್ಡಿಯಾಯಿತು, ಹೆಚ್ಚುವರಿ ಲಾಭದ ಕಾಲು ಭಾಗ ಅಲ್ಲಿಗೇ ಹೋಯಿತು.

ಇನ್ನೊಂದು ಪ್ರಶ್ನೆ. ಆ 30ರ ಖರ್ಚಿನಲ್ಲಿ ನಿಮ್ಮ ಸಂಬಳ ಸೇರಿದೆಯೇ?

ರಟ್ಟುಪೆಟ್ಟಿಗೆ
ಸೇರಿಲ್ಲ. ಮನೆಖರ್ಚಿಗೆ ಬೇಕಾದಷ್ಟನ್ನು ಆಗಾಗ ತೆಗೆದುಕೊಳ್ಳುತ್ತೇನೆ.

ಲೆಕ್ಕಿಗ
ಹಾಗಿದ್ದರೆ 10ನ್ನು ಲಾಭ ಎಂದು ಕರೆಯಲಾಗದು. ನೀವು ಮಾಡುವ ಕೆಲಸಕ್ಕೆ ಇನ್ನೊಬ್ಬರನ್ನು ಇಟ್ಟುಕೊಂಡರೆ ಕೊಡಬೇಕಾದ ಸಂಬಳವನ್ನು ಅದರಿಂದ ಕಳೆಯಿರಿ, ಉಳಿದದ್ದು ಲಾಭ. ಹೆಚ್ಚುವರಿ ಆರ್ಡರಿಗೆ ನಿಮ್ಮ ಸಂಬಳ ಎರಡು ಪಟ್ಟಾಗುವುದಿಲ್ಲ ಎಂಬುದು ನಿಜ, ಆದರೆ ಎರಡನೆಯ ಪಾಳಿ ನಡೆಸಲು ಒಬ್ಬ ಮೇಲ್ವಿಚಾರಕರು ಬೇಕಾಗುತ್ತಾರೆ. ಅವರ ಸಂಬಳವನ್ನು ಲೆಕ್ಕಕ್ಕೆ ಸೇರಿಸಿಯೇ ಬೆಲೆ ಹೇಳಬೇಕು.

ಲೇತ್‌ಮಿತ್ರ
ಹೀಗೆ ಕೂಡಿಸಿ ಕಳೆಯುತ್ತಾ ಕುಳಿತರೆ ಯಾವ ಉದ್ಯಮವೂ ಹುಟ್ಟುವುದಿಲ್ಲ. ನನ್ನ ಎರಡನೆಯ ಲೇತ್ ಯಂತ್ರ ಬಂದದ್ದೇ ಇಂಥದೊಂದು ಆರ್ಡರಿನಿಂದ. ಕೈಯಲ್ಲಿ ಆರ್ಡರ್ ಪತ್ರ ಇಲ್ಲದಿದ್ದರೆ ಬ್ಯಾಂಕಿನವರು ನನ್ನನ್ನು ಕುಳಿತುಕೊಳ್ಳಿ ಎಂದೂ ಹೇಳುತ್ತಿರಲಿಲ್ಲ. ಉದ್ಯಮಿ ಎಂದ ಮೇಲೆ ಸ್ವಲ್ಪ ಎದೆಗಾರಿಕೆ ಇರಬೇಕು.

ಬೀಗಹಾಕಿದವನು
ಲೇತ್‌ಮಿತ್ರ ಅವರೇ, ಎದೆಗಾರಿಕೆಗೆ ಕೊರತೆಯಿರಲಿಲ್ಲ ನನಗೂ. ನಾನು ಯಂತ್ರಗಳ ದುರಸ್ತಿ ಮತ್ತು ನಿರ್ವಹಣೆಯ ಸೇವೆ ನಡೆಸುತ್ತಿದ್ದೆ. ದೊಡ್ಡ ಕಂಪನಿಯೊಂದರ ಕೆಲಸವೇ ಹೆಚ್ಚು. ಅವರ ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು, ನಮ್ಮ ಮೇಲೆ ದೂರೂ ಇರಲಿಲ್ಲ. ಒಂದು ದಿನ ಅವರ ಕೇಂದ್ರ ಕಚೇರಿಯವರು ಎಲ್ಲ ಶಾಖೆಗಳ ನಿರ್ವಹಣೆಯನ್ನೂ ಒಂದೇ ಸಂಸ್ಥೆಗೆ ವಹಿಸುವ ತೀರ್ಮಾನ ಮಾಡಿದರು. ನಮ್ಮೊಂದಿಗೆ ವ್ಯವಹರಿಸುತ್ತಿದ್ದ ಅಧಿಕಾರಿಗೂ ಆ ವಿಷಯ ಮೊದಲೇ ತಿಳಿದಿರಲಿಲ್ಲ. ಒಂದು ಇಮೇಲ್ ಬಂತು, ಅಷ್ಟೇ. ಅವರಿಗಾಗಿ ತರಬೇತಿ ಕೊಟ್ಟಿದ್ದ ಹುಡುಗರು, ಅವರ ಯಂತ್ರಗಳಿಗೆ ಮಾತ್ರ ಹೊಂದುವ ಬಿಡಿಭಾಗಗಳು, ಅವರ ಕೆಲಸಕ್ಕಾಗಿಯೇ ತೆಗೆದುಕೊಂಡ ವಾಹನದ ಕಂತು, ಇವೆಲ್ಲ ಮಾರನೆಯ ದಿನದಿಂದ ನನ್ನ ಭಾರವಾದವು.

ಅರ್ಧಕ್ಕಿಂತ ಹೆಚ್ಚು ಮಾರಾಟ ಒಬ್ಬರದೇ ಆಗಿರುವಾಗ ಅದನ್ನು ಮುಕ್ಕಾಲಿಗೆ ಏರಿಸುವ ಮುನ್ನ, ಅವರು ನಾಳೆ ನಿಲ್ಲಿಸಿದರೆ ಎಷ್ಟು ವಾರ ಬದುಕಬಲ್ಲೆ ಎಂದು ಒಮ್ಮೆ ಲೆಕ್ಕ ಹಾಕಿ. ಕೊನೆಗೆ ನಾನು ಬಾಗಿಲು ಮುಚ್ಚುವಾಗ ಎಲ್ಲ ನೌಕರರ ಬಾಕಿಯನ್ನೂ ತೀರಿಸಿದೆ ಎಂಬ ಸಮಾಧಾನ ನನಗಿದೆ. ಕೈಯಲ್ಲಿ ಹಣ ಉಳಿದಿರುವಾಗಲೇ ಮುಚ್ಚಿದ್ದರಿಂದ ಅದು ಸಾಧ್ಯವಾಯಿತು.

ಹೊಸಬಳು
ನಾನು ಕೆಲಸ ಬಿಟ್ಟು ಸ್ವಂತದ್ದೊಂದು ಆರಂಭಿಸಬೇಕೆಂದು ಯೋಚಿಸುತ್ತಿರುವವಳು. ಹತ್ತರಲ್ಲಿ ಒಂಬತ್ತು ಉದ್ಯಮಗಳು ಮೊದಲ ವರ್ಷದಲ್ಲೇ ಮುಚ್ಚುತ್ತವೆ ಎಂದು ಎಲ್ಲೆಡೆ ಓದುತ್ತೇನೆ. ಇದನ್ನೆಲ್ಲ ನೋಡಿದರೆ ಭಯವಾಗುತ್ತದೆ.

ಲೆಕ್ಕಿಗ
ಆ ಮಾತನ್ನು ನಂಬಬೇಡಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆ ಬಹಳ ವರ್ಷಗಳಿಂದ ಇದನ್ನು ಲೆಕ್ಕವಿಡುತ್ತಾ ಬಂದಿದೆ. ಅದರ ಪ್ರಕಾರ ಹೊಸದಾಗಿ ಆರಂಭವಾದವುಗಳಲ್ಲಿ ಸುಮಾರು ಐದರಲ್ಲಿ ಒಂದು ಮೊದಲ ವರ್ಷದಲ್ಲಿ ಮುಚ್ಚುತ್ತದೆ, ಐದು ವರ್ಷವಾಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಉಳಿದಿರುತ್ತವೆ. ಮುಚ್ಚಿದ್ದೆಲ್ಲ ನಷ್ಟದಿಂದಲೇ ಮುಚ್ಚಿದ್ದು ಎಂದೂ ಅಲ್ಲ. ವಯಸ್ಸಾಗಿ ನಿಲ್ಲಿಸಿದವರು, ಬೇರೆ ಕೆಲಸಕ್ಕೆ ಹೋದವರು ಎಲ್ಲರೂ ಅದರಲ್ಲಿದ್ದಾರೆ.

ಹೊಲಿಗೆಯಂತ್ರ
ನಾನು ಸಿದ್ಧ ಉಡುಪಿನ ಘಟಕ ನಡೆಸುವವಳು, ಈ ಕೆಲಸದಲ್ಲಿ ತಲೆಗೂದಲು ಬೆಳ್ಳಗಾಗಿದೆ. ರಟ್ಟುಪೆಟ್ಟಿಗೆ ಅವರೇ, ನೀವೆಲ್ಲರೂ ಆ 250ರ ಬಗ್ಗೆ ಮಾತನಾಡುತ್ತಿದ್ದೀರಿ. ನನಗೆ ಕಾಣುತ್ತಿರುವುದು 45 ಮತ್ತು 90ರ ನಡುವಿನ ಅಂತರ. ಮೊದಲು ಅದಕ್ಕೆ ಕಾರಣ ಹುಡುಕಿ.

ದೊಡ್ಡ ಕಂಪನಿಗಳಲ್ಲಿ ಹಣ ತಡವಾಗುವುದು ಯಾವಾಗಲೂ ಕೆಟ್ಟ ಉದ್ದೇಶದಿಂದಲ್ಲ. ಬಿಲ್ಲಿನಲ್ಲಿ ಪರ್ಚೇಸ್ ಆರ್ಡರಿನ ಸಂಖ್ಯೆ ಬರೆದಿರುವುದಿಲ್ಲ. ಬರೆದಿದ್ದರೂ ಆರ್ಡರಿನಲ್ಲಿರುವ ದರಕ್ಕೂ ಬಿಲ್ಲಿನ ದರಕ್ಕೂ ಒಂದು ಪೈಸೆಯ ವ್ಯತ್ಯಾಸವಿರುತ್ತದೆ, ಕಂಪ್ಯೂಟರ್ ಅದನ್ನು ತಡೆಹಿಡಿಯುತ್ತದೆ, ಯಾರೂ ನಿಮಗೆ ತಿಳಿಸುವುದಿಲ್ಲ. ಸರಕು ಇಳಿಸಿಕೊಂಡ ಗೋದಾಮಿನವರು ಸ್ವೀಕೃತಿಯನ್ನು ದಾಖಲಿಸುವುದು ಮರೆತಿರುತ್ತಾರೆ. ಅದಿಲ್ಲದೆ ಲೆಕ್ಕಪತ್ರ ವಿಭಾಗದವರು ಬಿಲ್ಲನ್ನು ಮುಟ್ಟುವುದೇ ಇಲ್ಲ. ಅನೇಕ ಕಡೆ ಹಣ ಬಿಡುಗಡೆಗೆ ತಿಂಗಳಲ್ಲಿ ಒಂದೋ ಎರಡೋ ನಿಗದಿತ ದಿನಗಳಿರುತ್ತವೆ. ಆ ದಿನಕ್ಕೆ ನಿಮ್ಮ ಬಿಲ್ ಪಾಸಾಗಿರದಿದ್ದರೆ ಅದು ಮುಂದಿನ ಸರದಿಗೆ ಹೋಗುತ್ತದೆ. ಹೀಗೆ ಎರಡು ಸಲ ತಪ್ಪಿದರೆ 45 ತಾನಾಗಿಯೇ 90 ಆಗುತ್ತದೆ.

ನಮ್ಮಲ್ಲಿ ಇದಕ್ಕಾಗಿಯೇ ಒಬ್ಬ ಹುಡುಗಿ ಇದ್ದಾಳೆ. ಸರಕು ತಲುಪಿದ ಮಾರನೆಯ ದಿನ ಗೋದಾಮಿಗೆ ಫೋನ್ ಮಾಡಿ ಸ್ವೀಕೃತಿ ಸಂಖ್ಯೆ ಕೇಳುತ್ತಾಳೆ. ಒಂದು ವಾರದ ನಂತರ ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿ, ಬಿಲ್ ಪಾಸಾಗಿದೆಯೇ, ಯಾವ ದಿನದ ಪಟ್ಟಿಯಲ್ಲಿದೆ ಎಂದು ಕೇಳುತ್ತಾಳೆ. ಹಣ ಕೊಡಿ ಎಂಬ ಮಾತೇ ಬರುವುದಿಲ್ಲ, ಏಕೆಂದರೆ ಗಡುವು ಇನ್ನೂ ಬಂದಿರುವುದಿಲ್ಲ. ಗಡುವು ದಾಟಿದ ಮೇಲೆ ಮಾಡುವ ಫೋನಿಗಿಂತ ಗಡುವಿಗೆ ಮುಂಚೆ ಮಾಡುವ ಫೋನಿಗೆ ಬೆಲೆ ಹೆಚ್ಚು. ಖರೀದಿ ವಿಭಾಗದ ದೊಡ್ಡ ಅಧಿಕಾರಿಯ ಪರಿಚಯವಿದ್ದರೆ ಸಾಲದು. ನಿಮ್ಮ ಬಿಲ್ಲನ್ನು ನಿಜವಾಗಿ ಕೈಯಲ್ಲಿ ಹಿಡಿಯುವ ಗುಮಾಸ್ತರ ಹೆಸರು ನಿಮಗೆ ತಿಳಿದಿರಬೇಕು.

ಲೇತ್‌ಮಿತ್ರ
ಹೊಲಿಗೆಯಂತ್ರ ಮೇಡಂ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಪದೇ ಪದೇ ಫೋನ್ ಮಾಡಿದರೆ ಇವರಿಗೆ ಹಣದ ಮುಗ್ಗಟ್ಟಿದೆ ಎಂಬ ಅನುಮಾನ ಅವರಿಗೆ ಬರುವುದಿಲ್ಲವೇ? ಅಂಥವರಿಗೆ ಆರ್ಡರ್ ಕೊಡಲು ಹಿಂಜರಿಯುತ್ತಾರೆ.

ಹೊಲಿಗೆಯಂತ್ರ
ಮುಗ್ಗಟ್ಟು ಬಂದಾಗ ಮಾತ್ರ ಫೋನ್ ಮಾಡುವವರ ಬಗ್ಗೆ ಹಾಗೆ ಅನುಮಾನ ಬರುತ್ತದೆ. ಪ್ರತಿ ಬಿಲ್ಲಿಗೂ ಒಂದೇ ರೀತಿ, ಒಂದೇ ದಿನ ಕೇಳುವವರನ್ನು ಶಿಸ್ತಿನವರು ಎಂದುಕೊಳ್ಳುತ್ತಾರೆ. ನಾವು ಮಾಡಿದ ಕೆಲಸದ ಹಣವನ್ನು ನಾವು ಕೇಳಲು ದಾಕ್ಷಿಣ್ಯವೇಕೆ ಪಡಬೇಕು? ನನ್ನಲ್ಲಿ ಹೊಲಿಯುವ ಹೆಣ್ಣುಮಕ್ಕಳು ವಾರದ ಕೂಲಿಯನ್ನು ನನ್ನಲ್ಲಿ ದಾಕ್ಷಿಣ್ಯವಿಲ್ಲದೆ ಕೇಳುತ್ತಾರೆ, ಅದು ಸರಿಯೂ ಹೌದು.

ಕರಾರುಪತ್ರ
ಕಾನೂನಿನ ಕಡೆಯಿಂದ ಎರಡು ಮಾತು. ತಡವಾಗಿ ಹಣ ಕೊಡುವುದು ಎಲ್ಲ ದೇಶಗಳಲ್ಲೂ ಇರುವ ಸಮಸ್ಯೆಯಾದ್ದರಿಂದ ಅನೇಕ ಕಡೆ ಅದಕ್ಕೆ ಕಾನೂನುಗಳಿವೆ. ಬ್ರಿಟನ್ನಿನ 1998ರ ಕಾಯ್ದೆಯ ಪ್ರಕಾರ ಬಾಕಿಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರಕ್ಕಿಂತ ಶೇಕಡಾ 8ರಷ್ಟು ಹೆಚ್ಚಿನ ಬಡ್ಡಿ ಕೇಳಬಹುದು. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಲ್ಲಿ ಉದ್ಯಮಗಳ ನಡುವಿನ ಪಾವತಿಗೆ ಸಾಮಾನ್ಯವಾಗಿ 60 ದಿನಗಳ ಮಿತಿಯಿದೆ. ಭಾರತದ 2006ರ ಕಾಯ್ದೆಯು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಕರಾರಿದ್ದರೂ 45 ದಿನಗಳನ್ನು ಮೀರುವಂತಿಲ್ಲ ಎನ್ನುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಅಚ್ಚಿನಲ್ಲಿ ಇದೆಲ್ಲ ಸೊಗಸಾಗಿದೆ. ಆದರೆ ಅರ್ಧಕ್ಕಿಂತ ಹೆಚ್ಚು ಮಾರಾಟ ಯಾರಿಂದ ಬರುತ್ತದೆಯೋ ಅವರ ಮೇಲೆ ದಾವೆ ಹೂಡುವವರು ಅಪರೂಪ. ಆದ್ದರಿಂದ ಕಾನೂನನ್ನು ಬೆದರಿಕೆಯಾಗಿ ಬಳಸುವ ಬದಲು ಹೊಸ ಕರಾರು ಬರೆಯುವಾಗಲೇ ಅದನ್ನು ಉಲ್ಲೇಖಿಸಿ. ಆರ್ಡರನ್ನು ಎರಡು ಪಟ್ಟು ಮಾಡಿ ಎಂದು ಅವರೇ ಕೇಳಿ ಬಂದಿದ್ದಾರೆ, ನಿಬಂಧನೆಗಳ ಬಗ್ಗೆ ಮಾತನಾಡಲು ಇದಕ್ಕಿಂತ ಒಳ್ಳೆಯ ಸಮಯ ನಿಮಗೆ ಮತ್ತೆ ಸಿಗದು.

ಮುಂಗಡವಿಲ್ಲದೆಇಲ್ಲ
ಮುಂಗಡ ಕೊಡದವರಿಗೆ, ಬೇಗ ಕೊಟ್ಟರೆ ಶೇಕಡಾ 2ರ ರಿಯಾಯಿತಿ ಎಂದು ಹೇಳಿ ನೋಡಿ. ಹತ್ತು ದಿನದಲ್ಲಿ ಕೊಟ್ಟರೆ ರಿಯಾಯಿತಿ, ಇಲ್ಲದಿದ್ದರೆ ಮೂವತ್ತು ದಿನಕ್ಕೆ ಪೂರ್ತಿ ಹಣ. ಎರಡು ಭಾಗ ಹೋದರೆ ಹೋಗಲಿ.

ಲೆಕ್ಕಿಗ
ಎರಡು ಭಾಗ ಎಂದರೆ ಚಿಕ್ಕದಾಗಿ ಕಾಣುತ್ತದೆ, ಆದರೆ ಅದು ಕೇವಲ 20 ದಿನಗಳನ್ನು ಮುಂಚಿತಗೊಳಿಸಲು ಕೊಡುವ ಬೆಲೆ. 98ರ ಮೇಲೆ 2ನ್ನು 20 ದಿನಕ್ಕೆ ಕೊಟ್ಟರೆ ವರ್ಷಕ್ಕೆ ಸುಮಾರು ಶೇಕಡಾ 37ರ ಬಡ್ಡಿಯಾಗುತ್ತದೆ. ಹತ್ತು ಭಾಗ ಮಾತ್ರ ಉಳಿಯುವ ವ್ಯವಹಾರದಲ್ಲಿ ಅದರ ಐದನೆಯ ಒಂದು ಭಾಗ ಹೋಗುತ್ತದೆ. 90 ದಿನಕ್ಕೆ ಕೊಡುವವರು ನಿಜವಾಗಿಯೂ 10 ದಿನಕ್ಕೆ ಕೊಡುವುದಾದರೆ ಲೆಕ್ಕ ಬೇರೆ. ಆಗ 80 ದಿನಗಳಿಗೆ ವರ್ಷಕ್ಕೆ ಸುಮಾರು ಶೇಕಡಾ 9ರಷ್ಟೇ ಬೀಳುತ್ತದೆ, ಒಪ್ಪಬಹುದು. ಆದರೆ ರಿಯಾಯಿತಿಯನ್ನು ಬಿಲ್ಲಿನಿಂದ ಹಿಡಿದುಕೊಂಡು, ಆಮೇಲೂ ತಡವಾಗಿಯೇ ಕೊಡುವ ಗ್ರಾಹಕರೂ ಇದ್ದಾರೆ. ರಿಯಾಯಿತಿ ಕೊಡುವುದಾದರೆ ಹಣ ಬಂದ ಮೇಲೆ ಕ್ರೆಡಿಟ್ ನೋಟ್ (ಬಿಲ್ಲಿನಲ್ಲಿ ಇಷ್ಟು ಕಡಿಮೆ ಮಾಡಿದ್ದೇವೆ ಎಂದು ಬರೆದುಕೊಡುವ ಚೀಟಿ) ಕೊಡಿ, ಬಿಲ್ಲಿನಲ್ಲೇ ಕಳೆದು ಬರೆಯಬೇಡಿ.

ಹೊಸಬಳು
ಬೆಲೆಯನ್ನೇ ಸ್ವಲ್ಪ ಇಳಿಸಿ ಸಣ್ಣ ಸಣ್ಣ ಗ್ರಾಹಕರನ್ನು ಹೆಚ್ಚಿಸಿಕೊಂಡರೆ ಈ ಒಬ್ಬ ಗ್ರಾಹಕರ ಮೇಲಿನ ಅವಲಂಬನೆ ತಗ್ಗುವುದಿಲ್ಲವೇ?

ಹೊಲಿಗೆಯಂತ್ರ
ಸಣ್ಣ ಗ್ರಾಹಕರು ಬೇಕು ಮಗಳೇ, ಆದರೆ ಬೆಲೆ ಇಳಿಸಿ ತರಬೇಡ. 100ಕ್ಕೆ ಮಾರುವ ಪೆಟ್ಟಿಗೆಯಲ್ಲಿ ಕಾಗದಕ್ಕೆ 60 ಹೋಗಿ 40 ಉಳಿಯುತ್ತದೆ. 90ಕ್ಕೆ ಮಾರಿದರೆ ಉಳಿಯುವುದು 30. ಮೊದಲಿನಷ್ಟೇ ಹಣ ಉಳಿಯಬೇಕಾದರೆ ಮೂರು ಪೆಟ್ಟಿಗೆ ಮಾಡುತ್ತಿದ್ದಲ್ಲಿ ನಾಲ್ಕು ಮಾಡಬೇಕು. ನಾಲ್ಕನೆಯದಕ್ಕೆ ಕೂಲಿ ಬೇರೆ. ಬೆಲೆ ನೋಡಿ ಬಂದವರು ಬೆಲೆ ನೋಡಿಯೇ ಹೋಗುತ್ತಾರೆ. ಸಣ್ಣ ಗ್ರಾಹಕರಿಗೆ ಬೇಕಾಗಿರುವುದು ಕಡಿಮೆ ಸಂಖ್ಯೆಯಲ್ಲಿ, ಹೇಳಿದ ದಿನಕ್ಕೆ ಸರಕು. ಅದನ್ನು ಕೊಟ್ಟರೆ ಅವರು ಬೆಲೆಯನ್ನೂ ಕೊಡುತ್ತಾರೆ, ನಗದನ್ನೂ ಕೊಡುತ್ತಾರೆ.

ಲೇತ್‌ಮಿತ್ರ
ಬಿಲ್ ತೋರಿಸಿ ಹಣ ಪಡೆಯುವ ವ್ಯವಸ್ಥೆಯ ಬಗ್ಗೆ ಯಾರೂ ಹೇಳಲಿಲ್ಲ. ಹಣಕಾಸು ಸಂಸ್ಥೆಗಳು ಬಿಲ್ಲನ್ನು ತೆಗೆದುಕೊಂಡು ಹೆಚ್ಚಿನ ಭಾಗವನ್ನು ಕೂಡಲೇ ಕೊಟ್ಟು, ಗ್ರಾಹಕರಿಂದ ತಾವು ವಸೂಲು ಮಾಡಿಕೊಳ್ಳುತ್ತವೆ. ನಾನು ಬಳಸುತ್ತಿದ್ದೇನೆ.

ಕರಾರುಪತ್ರ
ಒಳ್ಳೆಯ ದಾರಿಯೇ. ಆದರೆ ಗ್ರಾಹಕರು ಕೊಡದಿದ್ದರೆ ಆ ಹಣವನ್ನು ನೀವು ಹಿಂದಿರುಗಿಸಬೇಕೇ ಬೇಡವೇ ಎಂಬ ನಿಬಂಧನೆಯನ್ನು ಓದಿ ಸಹಿ ಹಾಕಿ. ಹಿಂದಿರುಗಿಸಬೇಕು ಎಂದಿದ್ದರೆ ನೀವು ಬಿಲ್ಲನ್ನು ಮಾರಿಲ್ಲ, ಬಿಲ್ಲಿನ ಮೇಲೆ ಸಾಲ ತೆಗೆದುಕೊಂಡಿದ್ದೀರಿ.

ಜಾಮೀನಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮದು ಲಿಮಿಟೆಡ್ ಕಂಪನಿ, ಕಂಪನಿ ಮುಳುಗಿದರೆ ನನ್ನ ಮನೆಗೆ ಏನೂ ಆಗದು ಎಂದು ಬಹಳ ಜನ ಧೈರ್ಯವಾಗಿರುತ್ತಾರೆ. ಕಂಪನಿ ಬೇರೆ, ಅದರ ಮಾಲೀಕ ಬೇರೆ ಎಂಬ ತತ್ತ್ವ 1896ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಸಾಲೊಮನ್ ಎಂಬ ಬೂಟು ತಯಾರಕರ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಗಟ್ಟಿಯಾಯಿತು ಎಂಬುದು ನಿಜ. ಆದರೆ ಸಣ್ಣ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕುಗಳು ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳುತ್ತವೆ. ಆ ಒಂದು ಸಹಿಯಿಂದ, ಆ ಸಾಲದ ಮಟ್ಟಿಗೆ, ಆ ರಕ್ಷಣೆ ಇಲ್ಲವಾಗುತ್ತದೆ. ಸಹಿ ಹಾಕಲೇಬೇಡಿ ಎನ್ನಲಾರೆ, ಹಾಕದೆ ಸಾಲ ಸಿಗುವುದಿಲ್ಲ. ಜಾಮೀನಿಗೆ ಒಂದು ಮೊತ್ತದ ಮಿತಿಯನ್ನಾದರೂ ಕೇಳಿ, ಮನೆಯವರಿಗೆ ತಿಳಿಸಿ ಸಹಿ ಹಾಕಿ.

ಬೀಗಹಾಕಿದವನು
ಕೊನೆಯ ಮಾತಿಗೆ ನೂರು ನಮಸ್ಕಾರ. ಮನೆಯವರಿಗೆ ತಿಳಿಸಿ. ಮನೆಯಲ್ಲಿ ಹೇಳದೆ ಒಳಗೊಳಗೇ ಕೊರಗುವುದರಿಂದ ಆರೋಗ್ಯ ಹಾಳಾಗುತ್ತದೆ, ತೀರ್ಮಾನಗಳೂ ಹಾಳಾಗುತ್ತವೆ.

ಇನ್ನೊಂದು ವಿಷಯ. ಗ್ರಾಹಕರಿಂದ ಸಂಗ್ರಹಿಸಿದ ತೆರಿಗೆಯ ಹಣವನ್ನು ಸಂಬಳಕ್ಕೆ ಬಳಸುವ ಅಭ್ಯಾಸ ಈ ಮುಗ್ಗಟ್ಟಿನಲ್ಲಿ ಬಹಳ ಬೇಗ ಅಂಟಿಕೊಳ್ಳುತ್ತದೆ. ಅದು ನಿಮ್ಮ ಹಣವಲ್ಲ. ಬಂದ ದಿನವೇ ಬೇರೆ ಖಾತೆಗೆ ಹಾಕಿಬಿಡಿ. ನನಗೆ ಪರಿಚಯವಿದ್ದವರಲ್ಲಿ, ಗ್ರಾಹಕರು ಕೈಕೊಟ್ಟರೂ ತಡೆದುಕೊಂಡು, ತೆರಿಗೆಯ ದಂಡ ಮತ್ತು ಬಡ್ಡಿಗೆ ಸಿಕ್ಕಿ ಎದ್ದೇಳಲಾಗದೆ ಹೋದವರಿದ್ದಾರೆ.

ಹಳೆಯನೌಕರ
ನಾನು ಉದ್ಯಮಿಯಲ್ಲ. ಇಂಥ ಸಣ್ಣ ಘಟಕಗಳಲ್ಲಿ ದುಡಿದವನು. ಸಂಬಳದ ದಿನದ ಬಗ್ಗೆ ಮಾಲೀಕರ ಕಷ್ಟವನ್ನು ಇಲ್ಲಿ ಓದಿದೆ, ಆಚೆ ಬದಿಯದನ್ನೂ ಹೇಳಬೇಕೆನಿಸಿತು.

ಒಂದು ಕಡೆ ಮಾಲೀಕರು ಸಂಬಳ ತಡವಾದಾಗ ಕಚೇರಿಗೇ ಬರುತ್ತಿರಲಿಲ್ಲ. ಫೋನ್ ಎತ್ತುತ್ತಿರಲಿಲ್ಲ. ನಾವು ಯಂತ್ರದ ಮುಂದೆ ನಿಂತು ಮಾತನಾಡಿಕೊಳ್ಳುತ್ತಿದ್ದುದೆಲ್ಲ ಬೇರೆ ಕೆಲಸ ಎಲ್ಲಿದೆ ಎಂಬುದನ್ನೇ. ಚೆನ್ನಾಗಿ ಕೆಲಸ ಬಲ್ಲವರೇ ಮೊದಲು ಬಿಟ್ಟುಹೋದರು, ಏಕೆಂದರೆ ಅವರಿಗೆ ಬೇರೆ ಕಡೆ ಬೇಗ ಕೆಲಸ ಸಿಕ್ಕಿತು. ಇನ್ನೊಂದು ಕಡೆ ಮಾಲೀಕರು ಒಂದು ವಾರ ಮುಂಚೆಯೇ ಎಲ್ಲರನ್ನೂ ಕರೆದು, ಇಂಥ ಗ್ರಾಹಕರಿಂದ ಇಷ್ಟು ಬರಬೇಕಿದೆ, ಬರುವುದು ಇಂಥ ದಿನ, ಅರ್ಧ ಸಂಬಳ ಈಗ ಕೊಡುತ್ತೇನೆ, ಉಳಿದದ್ದು ಆ ದಿನ, ಯಾರ ಮನೆಯಲ್ಲಿ ತುರ್ತು ಖರ್ಚಿದೆಯೋ ಅವರಿಗೆ ಪೂರ್ತಿ ಈಗಲೇ ಎಂದರು. ಹೇಳಿದ ದಿನ ಕೊಟ್ಟರು. ಅಲ್ಲಿಂದ ಯಾರೂ ಹೋಗಲಿಲ್ಲ. ನಾವು ಬಾಡಿಗೆ ಕೊಡುವುದಕ್ಕೂ ಮಕ್ಕಳ ಶುಲ್ಕ ಕಟ್ಟುವುದಕ್ಕೂ ದಿನ ಗೊತ್ತಾಗಿರುತ್ತದೆ. ತಡವಾಗುವುದು ಮುಂಚೆಯೇ ತಿಳಿದರೆ ನಾವೂ ಏನಾದರೂ ಮಾಡಿಕೊಳ್ಳಬಹುದು.

ಹೊಲಿಗೆಯಂತ್ರ
ಇದನ್ನು ಬರೆದದ್ದಕ್ಕೆ ನಿಮಗೆ ಕೃತಜ್ಞತೆಗಳು. ನಮ್ಮಂಥವರು ಇದನ್ನು ಓದಲೇಬೇಕು.

ಲೆಕ್ಕಿಗ
ಹೀಗೆ ಒಂದು ವಾರ ಮುಂಚೆ ಹೇಳಬೇಕಾದರೆ ಮಾಲೀಕರಿಗೆ ಅದು ಮೂರು ವಾರ ಮುಂಚೆಯೇ ತಿಳಿದಿರಬೇಕು. ಒಂದು ಹಾಳೆಯಲ್ಲಿ ಮುಂದಿನ 13 ವಾರಗಳನ್ನು, ಅಂದರೆ ಮೂರು ತಿಂಗಳನ್ನು, ಅಡ್ಡಲಾಗಿ ಬರೆಯಿರಿ. ಪ್ರತಿ ವಾರದ ಕೆಳಗೆ ಆರಂಭದ ನಗದು, ಬರುವುದು, ಹೋಗುವುದು, ಉಳಿಯುವುದು. ಬರುವ ಹಣವನ್ನು ಗ್ರಾಹಕರು ಕೊಡಬೇಕಾದ ವಾರದಲ್ಲಿ ಬರೆಯದೆ, ಅವರ ಹಳೆಯ ಅಭ್ಯಾಸ ನೋಡಿ ಕೊಡುವ ವಾರದಲ್ಲಿ ಬರೆಯಿರಿ. ಪ್ರತಿ ವಾರ ಕೂತು ತಿದ್ದಿ. ಕೊನೆಯ ಸಾಲು ಯಾವ ವಾರ ಸೊನ್ನೆಗಿಂತ ಕೆಳಗೆ ಹೋಗುತ್ತದೆ ಎಂಬುದು ಎರಡು ತಿಂಗಳು ಮುಂಚೆಯೇ ಕಣ್ಣಿಗೆ ಬೀಳುತ್ತದೆ. ಹಣ ಬೇಕಾಗುವುದಕ್ಕೆ ಎರಡು ತಿಂಗಳು ಮುಂಚೆ ಬ್ಯಾಂಕಿಗೆ ಹೋದರೆ ಅವರು ಮಾತನಾಡುವ ರೀತಿಯೇ ಬೇರೆ.

ಲೇತ್‌ಮಿತ್ರ
ರಟ್ಟುಪೆಟ್ಟಿಗೆ ಅವರೇ, ನನಗೆ ಒಂದು ದಾರಿ ಹೊಳೆಯುತ್ತಿದೆ. ನಮ್ಮ ಲೇತ್ ಕೆಲಸದಲ್ಲಿ ಉಕ್ಕನ್ನು ಗ್ರಾಹಕರೇ ಕಳುಹಿಸುತ್ತಾರೆ, ನಾವು ಕಡೆದು ಕೊಟ್ಟು ಕೂಲಿ ಮಾತ್ರ ಹಾಕುತ್ತೇವೆ. ನಿಮ್ಮ ಗ್ರಾಹಕರು ದೊಡ್ಡವರು, ಕಾಗದದ ಕಾರ್ಖಾನೆಯಿಂದ ನೇರವಾಗಿ ಕಡಿಮೆ ದರಕ್ಕೆ ಕೊಳ್ಳುವ ಶಕ್ತಿ ಅವರಿಗಿದೆ. ಹೆಚ್ಚುವರಿ ಆರ್ಡರಿಗೆ ಕಾಗದದ ರೋಲುಗಳನ್ನು ಅವರೇ ಕೊಡಲಿ, ನೀವು ಜಾಬ್ ವರ್ಕ್ ಆಧಾರದಲ್ಲಿ ಪೆಟ್ಟಿಗೆ ಮಾಡಿಕೊಡಿ. ಅವರಿಗೆ ಸರಕು ಸಿಗುತ್ತದೆ, ನೀವೂ ಆರ್ಡರ್ ಬಿಟ್ಟಂತಾಗುವುದಿಲ್ಲ.

ಲೆಕ್ಕಿಗ
ಇಲ್ಲಿಯವರೆಗೆ ಬಂದ ಸಲಹೆಗಳಲ್ಲಿ ಇದೇ ಅತ್ಯುತ್ತಮ. ಲೆಕ್ಕ ನೋಡಿ: ಕಾಗದದ 60 ಅವರದು. ನೀವು 40ಕ್ಕೆ ಬಿಲ್ ಮಾಡುತ್ತೀರಿ, ಅದರಲ್ಲಿ 30 ನಿಮ್ಮ ಖರ್ಚು. ಅವರು 90 ದಿನಕ್ಕೇ ಕೊಟ್ಟರೂ ಸಿಕ್ಕಿಕೊಳ್ಳುವುದು ಮೂರು ತಿಂಗಳ 30, ಅಂದರೆ 90. ಅದೇ ಆರ್ಡರಿಗೆ ಹಿಂದೆ 250 ಬೇಕಿತ್ತು. ಅವರು 45 ದಿನಕ್ಕೆ ಕೊಡುವಂತಾದರೆ 45 ಸಾಕು. ಉಳಿಕೆ ಅದೇ 10. ಕಾಗದದ ಬೆಲೆ ದಿಢೀರನೆ ಏರಿದರೂ ಈ ಭಾಗದಲ್ಲಿ ನಿಮಗೆ ಪೆಟ್ಟಿಲ್ಲ.

ಬೀಗಹಾಕಿದವನು
ಹಣದ ಭಾರ ಇಳಿಯುತ್ತದೆ, ಒಪ್ಪಿದೆ. ಅವಲಂಬನೆ ಮಾತ್ರ ಇಳಿಯುವುದಿಲ್ಲ. ಈ ಕೆಲಸಕ್ಕಾಗಿ ಹೊಸ ಯಂತ್ರವನ್ನು ಸಾಲದಲ್ಲಿ ಕೊಳ್ಳಬೇಡಿ, ಇರುವ ಯಂತ್ರದಲ್ಲಿ ಎರಡನೆಯ ಪಾಳಿ ನಡೆಸಿ.

ರಟ್ಟುಪೆಟ್ಟಿಗೆ
ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ನಡುವೆ ಉತ್ತರಿಸಲು ಸಾಧ್ಯವಾಗಲಿಲ್ಲ, ಏಕೆಂದರೆ ಹೊಲಿಗೆಯಂತ್ರ ಮೇಡಂ ಹೇಳಿದಂತೆ ಹಳೆಯ ಬಿಲ್ಲುಗಳ ಬೆನ್ನು ಹತ್ತಿದ್ದೆ. ಅವರ ಮಾತು ಅಕ್ಷರಶಃ ನಿಜವಾಗಿತ್ತು. ಬಾಕಿಯಿದ್ದ ಬಿಲ್ಲುಗಳಲ್ಲಿ ಅನೇಕಕ್ಕೆ ಗೋದಾಮಿನ ಸ್ವೀಕೃತಿಯೇ ದಾಖಲಾಗಿರಲಿಲ್ಲ. ಲೆಕ್ಕಪತ್ರ ವಿಭಾಗದವರು ತಾವಾಗಿ ತಡೆದಿರಲಿಲ್ಲ, ಆ ಬಿಲ್ಲುಗಳು ಅವರ ಪರದೆಯ ಮೇಲೆ ಬಂದೇ ಇರಲಿಲ್ಲ.

ಜಾಬ್ ವರ್ಕ್ ವಿಷಯವನ್ನು ಖರೀದಿ ವಿಭಾಗದಲ್ಲಿ ಪ್ರಸ್ತಾಪಿಸಿದೆ. ಅವರು ತಳ್ಳಿಹಾಕಲಿಲ್ಲ. ಆದರೆ ನಾವು ಕೊಟ್ಟ ಕಾಗದದ ತೂಕಕ್ಕೆ ಸರಿಯಾಗಿ ಪೆಟ್ಟಿಗೆಗಳ ಲೆಕ್ಕ ಕೊಡಬೇಕು, ಕಡಿಮೆ ಬಂದರೆ ನಿಮ್ಮ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತೇವೆ ಎಂದಿದ್ದಾರೆ. ಅಂಚು ಕತ್ತರಿಸಿದಾಗ ಹೋಗುವುದು, ರೋಲಿನ ತುದಿ, ಯಂತ್ರ ಹೊಂದಿಸುವಾಗ ಹಾಳಾಗುವುದು ಎಲ್ಲವೂ ಇದೆ. ಇದನ್ನು ಹೇಗೆ ಬರೆಯಬೇಕು?

ಕರಾರುಪತ್ರ
ನಷ್ಟದ ಶೇಕಡಾವಾರು ಮಿತಿಯನ್ನು ಕರಾರಿನಲ್ಲೇ ಬರೆಯಿರಿ. ಕತ್ತರಿಸಿ ಉಳಿದ ರದ್ದಿ ಯಾರದು ಎಂಬುದನ್ನೂ ಬರೆಯಿರಿ, ರದ್ದಿಗೂ ಬೆಲೆಯಿದೆ. ನಿಮ್ಮ ಅಂಗಳದಲ್ಲಿ ಇರುವಾಗ ಅವರ ಕಾಗದಕ್ಕೆ ಬೆಂಕಿಯೋ ನೀರೋ ತಗುಲಿದರೆ ವಿಮೆ ಯಾರದೆಂಬುದು ಸ್ಪಷ್ಟವಾಗಿರಲಿ.

ಹೊಲಿಗೆಯಂತ್ರ
ಆ ಶೇಕಡಾವಾರನ್ನು ಮೇಜಿನ ಮುಂದೆ ಕುಳಿತು ಊಹೆಯಿಂದ ಒಪ್ಪಬೇಡಿ. ನಮ್ಮ ಬಟ್ಟೆ ಕತ್ತರಿಸುವ ಕೆಲಸದಲ್ಲೂ ಇದೇ ಜಗಳವಿತ್ತು. ಮೊದಲ ಕೆಲವು ಲಾಟುಗಳನ್ನು ಅವರ ಕಡೆಯವರೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡಿ. ರೋಲು ಒಳಗೆ ಬಂದಾಗ ತೂಕ, ಪೆಟ್ಟಿಗೆ ಹೊರಗೆ ಹೋಗುವಾಗ ತೂಕ, ರದ್ದಿಯ ತೂಕ ಮೂರನ್ನೂ ಬರೆದು ಇಬ್ಬರೂ ಸಹಿ ಹಾಕಿ. ಅದರ ಸರಾಸರಿಯೇ ಕರಾರಿಗೆ ಹೋಗಲಿ. ಕಾಗದ ತೇವ ಹೀರಿಕೊಳ್ಳುತ್ತದೆ, ಒಣ ಹವೆಯಲ್ಲಿ ತೂಕ ಕಳೆದುಕೊಳ್ಳುತ್ತದೆ; ಆದ್ದರಿಂದ ತೇವಾಂಶ ಅಳೆಯುವ ಮೀಟರ್ ಒಂದನ್ನು ಇಟ್ಟುಕೊಳ್ಳಿ, ರೋಲು ಇಳಿಸಿಕೊಳ್ಳುವಾಗ ಅದರ ಅಂಕಿಯನ್ನೂ ಅದೇ ಚೀಟಿಯಲ್ಲಿ ಬರೆಸಿ.

ರಟ್ಟುಪೆಟ್ಟಿಗೆ
ಮೀಟರ್ ನಮ್ಮಲ್ಲಿದೆ. ಸೋಮವಾರ ಅವರ ಗುಣಮಟ್ಟ ವಿಭಾಗದವರು ಬರುತ್ತಿದ್ದಾರೆ, ಮೊದಲ ಲಾಟಿನ ತೂಕವನ್ನು ಅವರ ಎದುರಿಗೇ ಹಾಕಿಸುತ್ತೇನೆ. ಬರುವ ಅಂಕಿಗಳನ್ನು ಇಲ್ಲಿ ಹಾಕುತ್ತೇನೆ, ಲೆಕ್ಕಿಗ ಅವರು ಒಮ್ಮೆ ನೋಡಿಕೊಡಬೇಕು.

ಲೆಕ್ಕಿಗ
ಖಂಡಿತ ಹಾಕಿ. 13 ವಾರಗಳ ಹಾಳೆಯನ್ನೂ ಅದರ ಜೊತೆಗೆ ಹಾಕಿ.